ನೆಲ ಕಳೆದುಕೊಂಡ ತಂದೆಯರು

ಕೊಲ್ಲಾಪುರದ ಮಗ್ಗುಲಲ್ಲಿ ಹರಿಯುವ ಪಂಚಗಂಗೆಯು ನರಸೋಬವಾಡಿಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಆ ಕೃಷ್ಣೆಯೇ ಮುಂದೆ ನಮ್ಮ ಬೆಳಗಾವಿ ಜಿಲ್ಲೆಯನ್ನು ಪ್ರವೇಶಿಸುತ್ತದೆ. ಕೊಲ್ಲಾಪುರಕ್ಕೆ ಅನತಿದೂರದಲ್ಲಿ, ಪಂಚಗಂಗೆಯ ಬಯಲಿನಲ್ಲಿ, ವಳಿವಡೆ ಎಂಬ ಹಳ್ಳಿಯೊಂದಿದೆ. ದ್ವಿತೀಯ ಮಹಾಯುದ್ಧದ ಕಾಲದಲ್ಲಿ, 1943ರಿಂದ 1948ರ ಆರಂಭದವರೆಗೆ, ಈ ಹಳ್ಳಿಯ ಪಕ್ಕದಲ್ಲಿ ಸುಮಾರು 5,000 ಮಂದಿ ಪೋಲಿಷ್ ನಿರಾಶ್ರಿತರ ಒಂದು ಪಟ್ಟಣವೇ ಇದ್ದಿತು. ಸಾಲುಸಾಲಾದ ಬ್ಯಾರಕ್ಕುಗಳು, ಶಾಲೆಗಳು, ಆಸ್ಪತ್ರೆ, ಅಂಚೆ ಕಚೇರಿ, ಒಂದು ದೇವಾಲಯ, ಹೀಗೆ ಪಟ್ಟಣವೊಂದಕ್ಕೆ ಬೇಕಾದುದೆಲ್ಲವೂ ಅಲ್ಲಿತ್ತು. ಆದರೆ ವೃದ್ಧರನ್ನೂ ರೋಗಿಗಳನ್ನೂ ಕೆಲವೇ ಮಂದಿ ಅಧಿಕಾರಿಗಳನ್ನೂ ಬಿಟ್ಟರೆ ಅಲ್ಲಿ ಗಂಡಸರೇ ಇರಲಿಲ್ಲ. ಅದು ತಾಯಂದಿರ ಮತ್ತು ಮಕ್ಕಳ ಊರು, ತಂದೆಯರಿಲ್ಲದ ಊರು.

ಹಾಗಾದರೆ ಆ ತಂದೆಯರು ಎಲ್ಲಿದ್ದರು? ಅವರು ಮುಂದೆ ಏನಾದರು? ಈ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕುವುದೇ ಪ್ರಸ್ತುತ ಲೇಖನದ ಉದ್ದೇಶ. ಶತಮಾನೋತ್ಸವದ ಸಂಚಿಕೆಯಲ್ಲಿ ದೂರದ ಪೋಲೆಂಡಿನ ಮಾತೇಕೆ ಎಂದು ವಾಚಕರು ಕೇಳಬಹುದು. ನೂರು ವರ್ಷದ ಲೆಕ್ಕವನ್ನು ಹಾಕುವಾಗ ನಾವು ಕಟ್ಟಡಗಳನ್ನೂ ಗಂಟೆಗೋಪುರಗಳನ್ನೂ ಎಣಿಸುತ್ತೇವೆ. ಬರಿಗೈಯಲ್ಲಿ ಬಂದು, ಮೈಮುರಿದು ದುಡಿದು, ಮೌನವಾಗಿ ಮಣ್ಣಾದ ತಂದೆಯರನ್ನು ಎಣಿಸುವುದನ್ನು ಮರೆಯುತ್ತೇವೆ. ಯುದ್ಧದಿಂದ ಬದುಕಿ ಉಳಿದು, ಪರದೇಶದಲ್ಲಿ ಸಂಸಾರವನ್ನು ಪುನಃ ಕಟ್ಟಿದ ಪೋಲಿಷ್ ತಂದೆಯರ ಚರಿತ್ರೆಯು ಈ ಮರೆವಿಗೆ ಒಂದು ಮದ್ದಾಗಬಲ್ಲದೆಂದು ನಮ್ಮ ನಂಬಿಕೆ.

ಪೋಲೆಂಡ್ ದೇಶವು ನೆರೆಯ ಮೂರು ಸಾಮ್ರಾಜ್ಯಗಳ ಕೈಯಲ್ಲಿ ಹರಿದು ಹಂಚಿಹೋಗಿ, 1795ರಿಂದ 1918ರವರೆಗೆ ಭೂಪಟದಲ್ಲಿಯೇ ಇಲ್ಲದಂತಾಗಿದ್ದಿತು. 1918ರಲ್ಲಿ ಸ್ವಾತಂತ್ರ್ಯವನ್ನು ಮರಳಿ ಪಡೆದ ಮೇಲೆ, 1919ರಿಂದ 1921ರವರೆಗೆ ಸೋವಿಯತ್ ರಷ್ಯದೊಡನೆ ಯುದ್ಧ ನಡೆಯಿತು. ಆ ಯುದ್ಧದಲ್ಲಿ ಹೋರಾಡಿದ ಸೈನಿಕರಿಗೆ ಪೂರ್ವದ ಗಡಿನಾಡಿನಲ್ಲಿ ಭೂಮಿಯನ್ನು ಕೊಡುವ ಕಾಯಿದೆಯನ್ನು 1920ರ ಡಿಸೆಂಬರಿನಲ್ಲಿ ಮಾಡಲಾಯಿತು. ಬಂದೂಕವನ್ನು ಕೆಳಗಿಟ್ಟು ನೇಗಿಲನ್ನು ಹಿಡಿದ ಈ ಸೈನಿಕರು ಕಾಡು ಕಡಿದು, ಮನೆ ಕಟ್ಟಿ, ಮಕ್ಕಳೊಂದಿಗರಾದರು. ಈ ಭೂದಾನವು ಆ ಪ್ರಾಂತದ ಯುಕ್ರೇನಿ ಮತ್ತು ಬೆಲರೂಸಿ ರೈತರಲ್ಲಿ ಅಸಮಾಧಾನವನ್ನು ಹುಟ್ಟಿಸಿತೆಂಬುದನ್ನೂ ನಾವು ಮರೆಮಾಚಬಾರದು. ಅದೇನೇ ಇರಲಿ, ಮುಂದೆ ದೇಶಭ್ರಷ್ಟರಾದ ಅನೇಕ ತಂದೆಯರು ಒಂದು ಬದುಕನ್ನು ಆಗಲೇ ಶೂನ್ಯದಿಂದ ಕಟ್ಟಿಕೊಂಡಿದ್ದರು. ಅದು ಇಪ್ಪತ್ತು ವರ್ಷವೂ ನಿಲ್ಲಲಿಲ್ಲ.

1939ರ ಸೆಪ್ಟೆಂಬರ್ 1ರಂದು ಜರ್ಮನಿಯು ಪಶ್ಚಿಮದಿಂದಲೂ, 17ರಂದು ಸೋವಿಯತ್ ಒಕ್ಕೂಟವು ಪೂರ್ವದಿಂದಲೂ ಪೋಲೆಂಡಿನ ಮೇಲೆ ದಂಡೆತ್ತಿ ಬಂದವು. ಸೋವಿಯತ್ ವಶವಾದ ಭಾಗದಿಂದ ಜನರನ್ನು ಗಡೀಪಾರು ಮಾಡುವ ಕಾರ್ಯವು 1940ರ ಫೆಬ್ರವರಿ 10ರಂದು ಆರಂಭವಾಯಿತು. ಕೊರೆಯುವ ಚಳಿಯ ಆ ರಾತ್ರಿ ಸೈನಿಕರು ಬಾಗಿಲು ಬಡಿದು, ಅಲ್ಪಾವಧಿಯಲ್ಲಿ ಗಂಟುಮೂಟೆ ಕಟ್ಟಿಕೊಳ್ಳುವಂತೆ ಆಜ್ಞಾಪಿಸಿದರು. ಭೂಮಿ ಪಡೆದ ಮಾಜಿ ಸೈನಿಕರ ಮತ್ತು ಅರಣ್ಯ ಪಾಲಕರ ಸಂಸಾರಗಳೇ ಮೊದಲ ಸರದಿಗೆ ಗುರಿಯಾದವು. ಸುಮಾರು 1,40,000 ಮಂದಿಯನ್ನು ದನಗಳನ್ನು ಸಾಗಿಸುವ ರೈಲು ಡಬ್ಬಿಗಳಲ್ಲಿ ತುಂಬಿ ಉತ್ತರ ರಷ್ಯಕ್ಕೂ ಸೈಬೀರಿಯಕ್ಕೂ ಒಯ್ಯಲಾಯಿತು. 1941ರ ಜೂನ್ ವರೆಗೆ ಇಂಥ ನಾಲ್ಕು ಸರದಿಗಳು ನಡೆದವು. ಗಡೀಪಾರಾದವರ ಸಂಖ್ಯೆಯು ಹತ್ತು ಲಕ್ಷವನ್ನು ಮೀರುತ್ತದೆಂದು ಹಿಂದಿನ ಪೋಲಿಷ್ ಅಂದಾಜುಗಳು ಹೇಳಿದರೆ, ಅನಂತರ ಬೆಳಕಿಗೆ ಬಂದ ಸೋವಿಯತ್ ದಾಖಲೆಗಳು ಸುಮಾರು 3,20,000 ಎಂದು ತಿಳಿಸುತ್ತವೆ. ಇದೇ ಕಾಲದಲ್ಲಿ, 1940ರ ಮಾರ್ಚ್ 5ರ ಸೋವಿಯತ್ ಅಧಿಕಾರವರ್ಗದ ನಿರ್ಣಯದಂತೆ, ಕಾತಿನ್ ಅರಣ್ಯವೇ ಮೊದಲಾದ ಸ್ಥಳಗಳಲ್ಲಿ ಸುಮಾರು 22,000 ಪೋಲಿಷ್ ಅಧಿಕಾರಿಗಳನ್ನೂ ಇತರ ಬಂದಿಗಳನ್ನೂ ಗುಂಡಿಕ್ಕಿ ಕೊಲ್ಲಲಾಯಿತು. ಅವರಲ್ಲಿಯೂ ಅದೆಷ್ಟೋ ಮಂದಿ ತಂದೆಯರಿದ್ದರು.

1941ರ ಜೂನ್ 22ರಂದು ಜರ್ಮನಿಯು ಸೋವಿಯತ್ ಒಕ್ಕೂಟದ ಮೇಲೆಯೇ ಎರಗಿದಾಗ ಚರಿತ್ರೆಯ ಚಕ್ರವು ತಿರುಗಿತು. ನಿನ್ನೆಯ ಬಂದಿಗಳು ಇಂದು ಮಿತ್ರರಾಗಬೇಕಾಯಿತು. ಜುಲೈ 30ರಂದು ಲಂಡನ್ನಿನಲ್ಲಿ ಪೋಲಿಷ್ ಪ್ರಧಾನಿ ಸಿಕೋರ್ಸ್ಕಿಯವರೂ ಸೋವಿಯತ್ ರಾಯಭಾರಿ ಮಾಯ್‌ಸ್ಕಿಯವರೂ ಒಪ್ಪಂದಕ್ಕೆ ಸಹಿ ಹಾಕಿದರು. ಮಾಸ್ಕೋದ ಸೆರೆಮನೆಯಿಂದ ಬಿಡುಗಡೆಯಾದ ಜನರಲ್ ವ್ಲಾದಿಸ್ಲಾವ್ ಆಂದರ್ಸ್ ಅವರ ನಾಯಕತ್ವದಲ್ಲಿ ಸೋವಿಯತ್ ನೆಲದ ಮೇಲೆಯೇ ಪೋಲಿಷ್ ಸೈನ್ಯವೊಂದು ಸಿದ್ಧವಾಗತೊಡಗಿತು. ಈ ಸುದ್ದಿ ಕೇಳಿ ಶಿಬಿರಗಳಿಂದ ಹೊರಬಿದ್ದವರು ಸಾವಿರಾರು ಮೈಲಿಗಳನ್ನು ರೈಲಿನಲ್ಲಿಯೂ ಕಾಲ್ನಡಿಗೆಯಲ್ಲಿಯೂ ದಾಟಿ ದಕ್ಷಿಣಕ್ಕೆ ಬಂದರು. ಹಸಿವು ಮತ್ತು ವಿಷಮಜ್ವರಗಳು ದಾರಿಯುದ್ದಕ್ಕೂ ಬಲಿ ತೆಗೆದುಕೊಂಡವು. 1942ರ ಮಾರ್ಚ್–ಏಪ್ರಿಲ್ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಕ್ಯಾಸ್ಪಿಯನ್ ಸಮುದ್ರವನ್ನು ದಾಟಿ 1,10,000ಕ್ಕೂ ಮಿಕ್ಕಿದ ಜನರು ಇರಾನಿನ ಪಹ್ಲವಿ ಬಂದರನ್ನು ತಲುಪಿದರು. ಅವರಲ್ಲಿ ಸುಮಾರು ಮೂರನೆಯ ಒಂದು ಪಾಲು ಸೈನಿಕರಲ್ಲದವರು. ಈ ಸೈನ್ಯದಲ್ಲಿ ಯೆಹೂದ್ಯರೂ ಇದ್ದರು. ಮುಂದೆ ಇಸ್ರಾಯೇಲಿನ ಪ್ರಧಾನಿಯಾದ ಮೆನಾಖೆಮ್ ಬೆಗಿನ್ ಅವರೂ ಅದರಲ್ಲಿ ಒಬ್ಬ ಸೈನಿಕರಾಗಿದ್ದರು.

ಇಲ್ಲಿಯೇ ಸಂಸಾರಗಳು ಒಡೆದವು. ತಂದೆಯು ಸೈನ್ಯಕ್ಕೆ ಸೇರಿದುದರಿಂದಲೇ ಅನೇಕ ಕುಟುಂಬಗಳಿಗೆ ಸೋವಿಯತ್ ನೆಲದಿಂದ ಹೊರಬರಲು ಸಾಧ್ಯವಾಯಿತು. ಆದರೆ ಸೈನಿಕನಾದ ತಂದೆಯು ಸಂಸಾರದೊಡನೆ ಇರುವಂತಿರಲಿಲ್ಲ. ಹೆಂಡತಿ ಮಕ್ಕಳನ್ನು ರಕ್ಷಿಸಬೇಕಾದರೆ ಅವರನ್ನು ಅಗಲಲೇಬೇಕು, ಇಂಥದು ಆ ತಂದೆಯ ಪಾಲಿಗೆ ಬಂದ ಪರೀಕ್ಷೆ. ಆತನು ಇರಾಕಿಗೂ ಪ್ಯಾಲೆಸ್ಟೈನಿಗೂ ತರಬೇತಿಗಾಗಿ ಹೋದನು. ಸಂಸಾರವು ಟೆಹ್ರಾನಿನಿಂದ ಪೂರ್ವ ಆಫ್ರಿಕಕ್ಕೋ, ಮೆಕ್ಸಿಕೋಗೋ, ನ್ಯೂಜಿಲೆಂಡಿಗೋ, ನಮ್ಮ ಭಾರತಕ್ಕೋ ಸಾಗಿತು. ನಮ್ಮ ದೇಶದಲ್ಲಿ ಇವರಿಗೆ ಮೊದಲು ಆಶ್ರಯವಿತ್ತವರಲ್ಲಿ ನವಾನಗರದ ಜಾಮ್‌ಸಾಹೇಬ್ ದಿಗ್ವಿಜಯಸಿಂಹಜಿಯವರು ಪ್ರಮುಖರು; 1942ರಲ್ಲಿ ಜಾಮ್‌ನಗರದ ಬಳಿಯ ಬಾಲಾಚಡಿಯಲ್ಲಿ ಅವರು ಪೋಲಿಷ್ ಮಕ್ಕಳಿಗಾಗಿ ಶಿಬಿರವನ್ನು ತೆರೆಯಲು ನೆರವಾದರು. ಮರುವರ್ಷ ವಳಿವಡೆಯ ಪಟ್ಟಣವು ತಲೆಯೆತ್ತಿತು. ರಣರಂಗದಿಂದ ಬರುವ ಕಾಗದವನ್ನು ಕಾಯುವುದೇ ಅಲ್ಲಿಯ ತಾಯಂದಿರ ನಿತ್ಯದ ತಪಸ್ಸಾಯಿತು.

ಗುರುಮಠದಲ್ಲಿ ಓದಿದ ನಮಗೆ ಮೊಂತೆ ಕಸ್ಸೀನೊ ಎಂದರೆ ಸಂತ ಬೆನೆದಿಕ್ತರು ಆರನೆಯ ಶತಮಾನದಲ್ಲಿ ಸ್ಥಾಪಿಸಿದ ಮಠ. ವಳಿವಡೆಯ ಮಕ್ಕಳಿಗಾದರೋ ಅದು ತಂದೆ ಹೋರಾಡಿದ ಬೆಟ್ಟ. ಇಟಲಿಯಲ್ಲಿ ರೋಮಿಗೆ ಹೋಗುವ ದಾರಿಯನ್ನು ಕಾಯುತ್ತಿದ್ದ ಆ ಬೆಟ್ಟದ ಮೇಲಿನ ಮಠವನ್ನು 1944ರ ಫೆಬ್ರವರಿ 15ರಂದು ಮಿತ್ರರಾಷ್ಟ್ರಗಳ ವಿಮಾನಗಳು ಬಾಂಬು ಹಾಕಿ ನೆಲಸಮ ಮಾಡಿದವು. ಆಗಲೂ ಬೆಟ್ಟವು ಕೈವಶವಾಗಲಿಲ್ಲ. ಫೆಬ್ರವರಿ–ಮಾರ್ಚ್ ತಿಂಗಳ ದಾಳಿಗಳಲ್ಲಿ 4ನೆಯ ಭಾರತೀಯ ಡಿವಿಜನ್ ಅಪಾರ ನಷ್ಟವನ್ನು ಅನುಭವಿಸಿತು. ಮೇ ತಿಂಗಳ ಅಂತಿಮ ಹೋರಾಟದಲ್ಲಿ 8ನೆಯ ಭಾರತೀಯ ಡಿವಿಜನ್ ಕೆಳಗಿನ ಕಣಿವೆಯ ನದಿಯನ್ನು ದಾಟಿತು. ಬೆಳಗಾವಿಯಲ್ಲಿ ತನ್ನ ಕೇಂದ್ರವನ್ನು ಹೊಂದಿರುವ ಮರಾಠಾ ಪದಾತಿ ದಳದ ಒಂದು ಬೆಟಾಲಿಯನ್ ಅದರಲ್ಲಿ ಇದ್ದಿತು. ಬೆಟ್ಟವನ್ನು ಏರುವ ಹೊಣೆಯು ಆಂದರ್ಸ್ ಅವರ ಪೋಲಿಷ್ ಸೈನ್ಯದ ಪಾಲಿಗೆ ಬಂತು. ಮೇ 18ರ ಬೆಳಿಗ್ಗೆ ಮಠದ ಅವಶೇಷಗಳ ಮೇಲೆ ಪೋಲಿಷ್ ಧ್ವಜವು ಹಾರಿತು. ಆ ಒಂದು ಯುದ್ಧದಲ್ಲಿ ಮಡಿದ ಪೋಲಿಷರು 923 ಮಂದಿ, ಗಾಯಗೊಂಡವರು 2,931 ಮಂದಿ. ತಂದೆಗಾಗಿ ಕಾಯುತ್ತಿದ್ದ ಎಷ್ಟೋ ಮನೆಗಳಿಗೆ ಕಾಗದದ ಬದಲು ಮರಣವಾರ್ತೆ ಬಂತು.

ಯುದ್ಧವನ್ನು ಗೆದ್ದವನು ಊರಿಗೆ ಮರಳುವುದು ಲೋಕರೂಢಿ. ಈ ತಂದೆಯರಿಗೆ ಮರಳಲು ಊರೇ ಉಳಿಯಲಿಲ್ಲ. 1945ರ ಫೆಬ್ರವರಿಯಲ್ಲಿ ಯಾಲ್ಟಾದಲ್ಲಿ ಸೇರಿದ ಮೂರು ಮಹಾಶಕ್ತಿಗಳ ನಾಯಕರು ಪೋಲೆಂಡಿನ ಪೂರ್ವಭಾಗವನ್ನು ಸೋವಿಯತ್ ಒಕ್ಕೂಟಕ್ಕೆ ಬಿಟ್ಟುಕೊಟ್ಟರು. ತಂದೆಯು ಉತ್ತ ಹೊಲ, ಮದುವೆಯಾದ ದೇವಾಲಯ, ಹಿರಿಯರ ಸಮಾಧಿ ಎಲ್ಲವೂ ಗಡಿಯ ಆಚೆಗೆ ಹೋದವು. ಉಳಿದ ಪೋಲೆಂಡಿನಲ್ಲಿ ಮಾಸ್ಕೋದ ಒಲವಿನ ಸರಕಾರವು ಸ್ಥಾಪಿತವಾಯಿತು; 1945ರ ಜುಲೈ 5ರಂದು ಬ್ರಿಟನ್ ಅದಕ್ಕೆ ಮಾನ್ಯತೆಯನ್ನು ನೀಡಿ, ಲಂಡನ್ನಿನಲ್ಲಿದ್ದ ದೇಶಭ್ರಷ್ಟ ಸರಕಾರವನ್ನು ಕೈಬಿಟ್ಟಿತು. ಮರಳಿ ಹೋದರೆ ಸೆರೆಮನೆಯ ಭಯ. ಹೋಗದಿದ್ದರೆ ಪರದೇಶಿಯ ಬಾಳು. ಸೈಬೀರಿಯವನ್ನು ಕಂಡು ಬಂದವರು ಎರಡನೆಯದನ್ನೇ ಆರಿಸಿಕೊಂಡುದರಲ್ಲಿ ಆಶ್ಚರ್ಯವಿಲ್ಲ.

ಬ್ರಿಟಿಷ್ ಸರಕಾರವು 1946ರಲ್ಲಿ ಈ ಸೈನಿಕರ ಪುನರ್ವಸತಿಗಾಗಿ ಪ್ರತ್ಯೇಕ ದಳವನ್ನು ರಚಿಸಿ, 1947ರಲ್ಲಿ ಪೋಲಿಷ್ ಪುನರ್ವಸತಿ ಕಾಯಿದೆಯನ್ನು ಜಾರಿಗೆ ತಂದಿತು. ಮುಂಬಯಿಯಿಂದಲೂ ಆಫ್ರಿಕದ ಬಂದರುಗಳಿಂದಲೂ ಹಡಗುಗಳು ಸಂಸಾರಗಳನ್ನು ಹೊತ್ತು ಇಂಗ್ಲೆಂಡಿಗೆ ಸಾಗಿದವು. ಐದಾರು ವರ್ಷಗಳ ಮೇಲೆ ತಂದೆ ಮಕ್ಕಳು ಪರಸ್ಪರ ಮುಖವನ್ನು ಕಂಡರು. ಅಗಲುವಾಗ ಕೂಸಾಗಿದ್ದ ಮಗುವಿಗೆ ಎದುರಿಗೆ ನಿಂತ ಗಂಡಸು ಅಪರಿಚಿತ. ತಂದೆಗೂ ಆ ಮಗು ಅಪರಿಚಿತವೇ. ಅವರಿಗೆ ದೊರೆತ ವಸತಿಯೆಂದರೆ ಯುದ್ಧ ಮುಗಿದು ಖಾಲಿ ಬಿದ್ದಿದ್ದ ಸೈನಿಕ ಶಿಬಿರಗಳು ಮತ್ತು ವಿಮಾನ ನೆಲೆಗಳು. ಅರ್ಧ ಪೀಪಾಯಿಯನ್ನು ಬೋರಲು ಹಾಕಿದಂತಿದ್ದ ತಗಡಿನ ಗುಡಿಸಲು, ನಡುವೆ ಒಂದು ಒಲೆ, ಗೋಡೆಯ ಬದಲು ಕಂಬಳಿಯ ತೆರೆ. ಇಂಥ ಶಿಬಿರಗಳಲ್ಲಿ ಕೆಲವು 1960ರ ದಶಕದವರೆಗೂ ಉಳಿದಿದ್ದವು. 1931ರ ಜನಗಣತಿಯ ಕಾಲಕ್ಕೆ ಬ್ರಿಟನ್ನಿನಲ್ಲಿ ಪೋಲೆಂಡಿನಲ್ಲಿ ಹುಟ್ಟಿದವರು 44,642 ಮಂದಿ ಇದ್ದರು. 1951ರಲ್ಲಿ ಆ ಸಂಖ್ಯೆಯು 1,62,339ಕ್ಕೆ ಏರಿತು.

ಸ್ವಾಗತವು ಎಲ್ಲೆಡೆಯೂ ಆದರದಿಂದ ಕೂಡಿತ್ತೆಂದು ಹೇಳಲಾಗದು. ತಮ್ಮ ಕೆಲಸಕ್ಕೆ ಸಂಚಕಾರ ಬಂದೀತೆಂದು ಗಣಿಗಳ ಮತ್ತು ಕಾರ್ಖಾನೆಗಳ ಕಾರ್ಮಿಕ ಸಂಘಗಳಲ್ಲಿ ಹಲವು ಇವರನ್ನು ವಿರೋಧಿಸಿದವು. ಯುದ್ಧವು ಮುಗಿಯಿತಲ್ಲ, ಇನ್ನೂ ಊರಿಗೇಕೆ ಹೋಗಲಿಲ್ಲ ಎಂಬ ಮಾತನ್ನು ಇವರು ಕೇಳಬೇಕಾಯಿತು. ಊರಿನಲ್ಲಿ ನ್ಯಾಯಾಧೀಶರಾಗಿದ್ದವರು, ಶಿಕ್ಷಕರಾಗಿದ್ದವರು, ಸೈನ್ಯದಲ್ಲಿ ಮೇಜರ್, ಕರ್ನಲ್ ಆಗಿದ್ದವರು ಕಲ್ಲಿದ್ದಲ ಗಣಿಗೆ ಇಳಿದರು. ಲ್ಯಾಂಕಷೈರ್, ಯಾರ್ಕ್‌ಷೈರ್‌ಗಳ ಬಟ್ಟೆಯ ಗಿರಣಿಗಳಲ್ಲಿ ರಾತ್ರಿಯ ಪಾಳಿಗೆ ನಿಂತರು. ಹೋಟೆಲುಗಳಲ್ಲಿ ಪಾತ್ರೆ ತೊಳೆದರು. ನೆದರ್ಲೆಂಡಿನ ಬ್ರೆಡಾ ನಗರವನ್ನು 1944ರ ಅಕ್ಟೋಬರಿನಲ್ಲಿ ವಿಮೋಚನೆಗೊಳಿಸಿದ ಜನರಲ್ ಸ್ತಾನಿಸ್ಲಾವ್ ಮಾಚೆಕ್ ಅವರೇ ಎಡಿನ್‌ಬರೋ ನಗರದ ಹೋಟೆಲೊಂದರಲ್ಲಿ ಪಾನೀಯ ಬಡಿಸುವ ಕೆಲಸವನ್ನು ಮಾಡಿ ಜೀವಿಸಿದರೆಂದ ಮೇಲೆ, ಸಾಮಾನ್ಯ ಸೈನಿಕನ ಪಾಡನ್ನು ಹೇಳಬೇಕಾದುದೇನಿದೆ?

ಇಂಥವರಲ್ಲಿ ಒಬ್ಬ ತಂದೆಯನ್ನು ನಾವು ವಿಶೇಷವಾಗಿ ಸ್ಮರಿಸಬೇಕು. ಸ್ತಾನಿಸ್ಲಾವ್ ಸೊಸಬೋವ್ಸ್ಕಿಯವರು 1892ರಲ್ಲಿ ಜನಿಸಿದರು. 1939ರಲ್ಲಿ ವಾರ್ಸಾ ನಗರದ ರಕ್ಷಣೆಯಲ್ಲಿ ಒಂದು ರೆಜಿಮೆಂಟಿನ ನಾಯಕರಾಗಿ ಹೋರಾಡಿ, ಸೆರೆಯಿಂದ ತಪ್ಪಿಸಿಕೊಂಡು, ಫ್ರಾನ್ಸ್ ಮಾರ್ಗವಾಗಿ ಬ್ರಿಟನ್ನನ್ನು ಸೇರಿದರು. ಸ್ಕಾಟ್ಲೆಂಡಿನಲ್ಲಿ ಅವರು ಕಟ್ಟಿದ ಪ್ಯಾರಾಷೂಟ್ ಬ್ರಿಗೇಡಿನ ಗುರಿಯು ಒಂದು ದಿನ ವಾರ್ಸಾದಲ್ಲಿ ಇಳಿಯುವುದಾಗಿತ್ತು. ಆ ದಿನ ಬರಲಿಲ್ಲ. 1944ರ ಆಗಸ್ಟಿನಲ್ಲಿ ವಾರ್ಸಾ ದಂಗೆ ಎದ್ದಾಗ ಅವರ ಮಗನು ಅಲ್ಲಿ ಹೋರಾಡಿ ಎರಡು ಕಣ್ಣುಗಳನ್ನೂ ಕಳೆದುಕೊಂಡನು. ತಂದೆಯ ಬ್ರಿಗೇಡನ್ನು ಸೆಪ್ಟೆಂಬರಿನಲ್ಲಿ ನೆದರ್ಲೆಂಡಿನ ಡ್ರೀಲ್ ಗ್ರಾಮದ ಬಳಿ ಇಳಿಸಲಾಯಿತು. ಆರ್ನೆಮ್ ಕದನವು ವಿಫಲವಾದಾಗ ಮೇಲಧಿಕಾರಿಗಳು ಅಪವಾದವನ್ನು ಇವರ ಮೇಲೆ ಹೊರಿಸಿದರು. ಆ ವರ್ಷದ ಡಿಸೆಂಬರಿನಲ್ಲಿ ತಾವೇ ಕಟ್ಟಿದ ಬ್ರಿಗೇಡಿನ ನಾಯಕತ್ವವನ್ನು ಇವರು ಕಳೆದುಕೊಂಡರು. ಯುದ್ಧಾನಂತರ ಹೆಂಡತಿಯನ್ನೂ ಕುರುಡನಾದ ಮಗನನ್ನೂ ಇಂಗ್ಲೆಂಡಿಗೆ ಕರೆಸಿಕೊಂಡು, ಲಂಡನ್ನಿನ ಪಶ್ಚಿಮ ಭಾಗದ ಆಕ್ಟನ್ನಿನಲ್ಲಿ ವಿದ್ಯುತ್ ಉಪಕರಣಗಳ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದರು. ಎಪ್ಪತ್ತು ದಾಟಿದ ಮೇಲೆಯೂ ದುಡಿದರು. 1967ರಲ್ಲಿ ನಿಧನರಾದರು. 2006ರಲ್ಲಿ ನೆದರ್ಲೆಂಡಿನ ಸರಕಾರವು ಅವರ ಬ್ರಿಗೇಡಿಗೆ ಅತ್ಯುನ್ನತ ಸೈನಿಕ ಗೌರವವನ್ನೂ, ಮರಣೋತ್ತರವಾಗಿ ಅವರಿಗೆ ಕಂಚಿನ ಸಿಂಹ ಪದಕವನ್ನೂ ಅರ್ಪಿಸಿತು. ಪದಕವು ಬರಲು ಅರುವತ್ತೆರಡು ವರ್ಷಗಳು ಬೇಕಾದವು. ಆದರೆ ಕಣ್ಣಿಲ್ಲದ ಮಗನಿರುವ ಮನೆಗೆ ವಾರಾಂತ್ಯದ ಸಂಬಳವು ತಪ್ಪದೆ ಬಂದಿತ್ತು. ಇವೆರಡರಲ್ಲಿ ಹಿರಿದಾದ ಶೌರ್ಯ ಯಾವುದೆಂಬುದನ್ನು ವಾಚಕರೇ ನಿರ್ಣಯಿಸಲಿ.

ಹೊಟ್ಟೆಯ ಚಿಂತೆ ಕಳೆದ ಬಳಿಕ ಬದುಕಲಿ ಎಂದು ಈ ತಂದೆಯರು ತಮ್ಮ ಭಾಷೆಯನ್ನೂ ಭಕ್ತಿಯನ್ನೂ ಬದಿಗಿಡಲಿಲ್ಲ. ಮೊದಲ ದಿನದಿಂದಲೇ ಅವುಗಳನ್ನು ಕಾಪಾಡಿಕೊಂಡರು. ತಗಡಿನ ಗುಡಿಸಲೊಂದನ್ನು ಗುಡಿಸಿ ಬಲಿಪೂಜೆಗೆ ಅಣಿಗೊಳಿಸಿದರು. ವಾರದ ಐದು ದಿನ ಇಂಗ್ಲಿಷ್ ಶಾಲೆಗೆ ಹೋದ ಮಕ್ಕಳು ಶನಿವಾರ ಪೋಲಿಷ್ ಶಾಲೆಯಲ್ಲಿ ತಾಯ್ನುಡಿಯನ್ನೂ ತಾಯ್ನಾಡಿನ ಚರಿತ್ರೆಯನ್ನೂ ಕಲಿತರು. ಗಣಿಯ, ಗಿರಣಿಯ ಕೂಲಿಯಲ್ಲಿ ಉಳಿಸಿದ ಕಾಸಿನಿಂದ ಮನೆಗಳನ್ನು ಕೊಂಡಂತೆ, ಇತರ ಪಂಗಡಗಳವರು ಮಾರಿದ ಹಳೆಯ ದೇವಾಲಯಗಳನ್ನೂ ಕೊಂಡರು. ಲಂಡನ್ನಿನ ಪಶ್ಚಿಮದಲ್ಲಿರುವ ಸಂತ ಆಂದ್ರೆ ಬೊಬೋಲಾರ ದೇವಾಲಯವು ಇಂಥದು; 1960ರ ದಶಕದ ಆರಂಭದಲ್ಲಿ ಪ್ರೆಸ್ಬಿಟೇರಿಯನ್ ಪಂಗಡದವರಿಂದ ಅದನ್ನು ಪಡೆಯಲಾಯಿತು. ಅಲ್ಲಿ ಮಾತೆ ಮರಿಯಮ್ಮನವರ ಒಂದು ಮರದ ಕೆತ್ತನೆಯಿದೆ. ಸೋವಿಯತ್ ನಾಡಿನ ಕೊಜೆಲ್‌ಸ್ಕ್ ಶಿಬಿರದಲ್ಲಿ ಪೋಲಿಷ್ ಬಂದಿಗಳು 1941ರಲ್ಲಿ ಅದನ್ನು ರೂಪಿಸಿದರು. ಸೈನ್ಯದೊಡನೆ ದೇಶದೇಶಗಳನ್ನು ಸುತ್ತಿ ಅದು ಕಡೆಗೆ ಕಾರ್ಮಿಕರು ಕೊಂಡ ಆ ದೇವಾಲಯದಲ್ಲಿ ನೆಲೆಗೊಂಡಿತು. 1982ರ ಮೇ 30ರಂದು ಜಗದ್ಗುರು ಎರಡನೆಯ ಜಾನ್ ಪಾಲರು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಈ ಸಮುದಾಯದೊಡನೆ ತಾಯ್ನುಡಿಯಲ್ಲಿ ಬಲಿಪೂಜೆಯನ್ನು ಅರ್ಪಿಸಿದಾಗ, ಈ ತಂದೆಯರಲ್ಲಿ ಬಹುಮಂದಿಯ ತಲೆ ನರೆತಿತ್ತು.

ಇಷ್ಟೆಲ್ಲವನ್ನು ಕಂಡುಂಡ ತಂದೆಯರು ಮನೆಯಲ್ಲಿ ಏನು ಹೇಳಿದರು? ಬಹುತೇಕ ಏನನ್ನೂ ಹೇಳಲಿಲ್ಲ. ತಮ್ಮ ತಂದೆಯ ಸೈಬೀರಿಯದ ಕಥೆಯನ್ನು ಆತನ ಮರಣಾನಂತರ ಪೆಟ್ಟಿಗೆಯ ಕಾಗದಗಳಿಂದ ತಿಳಿದವರು ಅನೇಕರು. ಈ ಮೌನಕ್ಕೆ ಕಾರಣಗಳಿದ್ದವು. ಊರಿನಲ್ಲಿ ಉಳಿದ ಬಂಧುಗಳಿಗೆ ತೊಂದರೆಯಾದೀತೆಂಬ ಅಂಜಿಕೆ ಒಂದು. ಕಾತಿನ್ ಹತ್ಯೆಯನ್ನು ಸೋವಿಯತ್ ಸರಕಾರವು ಒಪ್ಪಿಕೊಂಡುದೇ 1990ರ ಏಪ್ರಿಲ್ 13ರಂದು. ಅಲ್ಲಿಯವರೆಗೆ ಸತ್ಯವನ್ನು ಹೇಳಿದವನೇ ಸುಳ್ಳುಗಾರನಾಗುತ್ತಿದ್ದನು. ಹಿಮದಲ್ಲಿ ಹೂತು ಬಂದ ಕೂಸಿನ ಮಾತನ್ನು ಊಟದ ಹೊತ್ತಿನಲ್ಲಿ ಆಡುವುದಾದರೂ ಹೇಗೆ? ಹೆರೋದನ ಖಡ್ಗಕ್ಕೆ ಅಂಜಿ ರಾತ್ರಿಯಲ್ಲಿಯೇ ಈಜಿಪ್ಟಿಗೆ ಹೊರಟ ಸಂತ ಜೋಸೆಫರ ಒಂದು ಮಾತೂ ಶುಭಸಂದೇಶಗಳಲ್ಲಿ ದಾಖಲಾಗಿಲ್ಲ. ಎದ್ದರು, ತಾಯಿಮಗುವನ್ನು ಕರೆದುಕೊಂಡು ಹೊರಟರು ಎಂದಷ್ಟೇ ಅಲ್ಲಿ ಹೇಳಲಾಗಿದೆ. ಈ ತಂದೆಯರ ಚರಿತ್ರೆಯೂ ಅಷ್ಟೇ ಸಂಕ್ಷಿಪ್ತ.

ಕೆಲವರಿಗೆ ಮಾತ್ರ ಮರಳುವ ಭಾಗ್ಯ ದೊರೆಯಿತು. ರಿಷಾರ್ದ್ ಕಚೊರೋವ್ಸ್ಕಿಯವರನ್ನು 1940ರಲ್ಲಿ ಸೋವಿಯತ್ ಪೊಲೀಸರು ಬಂಧಿಸಿ ಮರಣದಂಡನೆಯನ್ನು ವಿಧಿಸಿದ್ದರು. ಅದು ಹತ್ತು ವರ್ಷದ ಶಿಬಿರವಾಸಕ್ಕೆ ಇಳಿದು, ಕೊಲಿಮಾ ಪ್ರದೇಶಕ್ಕೆ ಕಳುಹಿಸಲ್ಪಟ್ಟರು. 1941ರ ಒಪ್ಪಂದದಿಂದ ಬಿಡುಗಡೆಯಾಗಿ, ಮೊಂತೆ ಕಸ್ಸೀನೊದಲ್ಲಿ ಹೋರಾಡಿ, ಇಂಗ್ಲೆಂಡಿನಲ್ಲಿ ನೆಲೆಸಿ, ಲೆಕ್ಕಪತ್ರಗಳ ಕೆಲಸದಿಂದ ಸಂಸಾರವನ್ನು ಸಾಕಿ, ಬಿಡುವಿನಲ್ಲಿ ಪೋಲಿಷ್ ಮಕ್ಕಳ ಸ್ಕೌಟ್ ಸಂಸ್ಥೆಯನ್ನು ನಡೆಸಿದರು. 1989ರಲ್ಲಿ ದೇಶಭ್ರಷ್ಟ ಸರಕಾರದ ಅಧ್ಯಕ್ಷರಾದರು. ಪೋಲೆಂಡ್ ಬಂಧಮುಕ್ತವಾದಾಗ, 1990ರ ಡಿಸೆಂಬರ್ 22ರಂದು ವಾರ್ಸಾದಲ್ಲಿ, ಜನರಿಂದ ಚುನಾಯಿತರಾದ ಲೆಕ್ ವಲೇಸಾ ಅವರಿಗೆ ರಾಷ್ಟ್ರಾಧ್ಯಕ್ಷರ ಮುದ್ರೆಗಳನ್ನು ಒಪ್ಪಿಸಿದರು. 2010ರ ಏಪ್ರಿಲ್ 10ರಂದು ಕಾತಿನ್ ಸ್ಮರಣೆಗೆ ಹೊರಟಿದ್ದ ವಿಮಾನವು ಸ್ಮೊಲೆನ್‌ಸ್ಕ್ ಬಳಿ ಪತನಗೊಂಡು 96 ಮಂದಿ ಮಡಿದಾಗ, ತೊಂಬತ್ತರ ಹರೆಯದ ಅವರೂ ಅದರಲ್ಲಿದ್ದರು. ಮಡಿದ ಗೆಳೆಯರನ್ನು ನೆನೆಯಲು ಹೊರಟಾಗಲೇ ಅವರ ಯಾತ್ರೆಯೂ ಮುಗಿಯಿತು.

ಪೋಲಿಷರು ನಮ್ಮ ದೇಶದ ಉಪಕಾರವನ್ನು ಮರೆತಿಲ್ಲ. ವಾರ್ಸಾದಲ್ಲಿ ಜಾಮ್‌ಸಾಹೇಬರ ಸ್ಮಾರಕವೂ ಕೊಲ್ಲಾಪುರದ ಸ್ಮಾರಕವೂ ಇವೆ. 2024ರ ಆಗಸ್ಟಿನಲ್ಲಿ ಭಾರತದ ಪ್ರಧಾನಮಂತ್ರಿಗಳು ಅಲ್ಲಿ ಹೂಗಳನ್ನು ಅರ್ಪಿಸಿದರು. ಕಲ್ಲಿನ ಸ್ಮಾರಕಗಳು ಒಳ್ಳೆಯವೇ. ಆದರೆ ತಂದೆಯ ನೆನಪು ಕಲ್ಲಿನಿಂದ ಉಳಿಯುವುದಿಲ್ಲ. ಕೇಳುವ ಮಕ್ಕಳಿಂದ ಉಳಿಯುತ್ತದೆ.

ಯುದ್ಧದಿಂದ ಬರಿಗೈಯಾದ ತಂದೆಯರು ನಮ್ಮ ನಡುವೆಯೂ ಇದ್ದಾರೆ. 1942ರಲ್ಲಿ ಬರ್ಮಾದಿಂದ ಕಾಡುಬೆಟ್ಟಗಳನ್ನು ನಡೆದು ದಾಟಿ ಬಂದ ಭಾರತೀಯರ ಪೀಳಿಗೆಯು ಬಹುಮಟ್ಟಿಗೆ ಕಣ್ಮರೆಯಾಗಿದೆ. ಆದರೆ 1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿದಾಗ, ದುಡಿದುದೆಲ್ಲವನ್ನೂ ಬಿಟ್ಟು, ಮರುಭೂಮಿಯನ್ನು ದಾಟಿ, ಅಮ್ಮಾನಿನಿಂದ ವಿಮಾನ ಹತ್ತಿ ಬಂದ ಸುಮಾರು 1,70,000 ಭಾರತೀಯರಲ್ಲಿ ನಮ್ಮ ಕರಾವಳಿಯ ಮನೆಗಳವರೂ ಇದ್ದರು. ಅವರಲ್ಲಿ ಅನೇಕರು ಮತ್ತೆ ಮೊದಲಿನಿಂದ ಬದುಕನ್ನು ಕಟ್ಟಿದವರು, ಇಂದು ಮುಪ್ಪಿನಲ್ಲಿದ್ದಾರೆ. ಅವರ ಬಳಿ ಕುಳಿತು ಕೇಳಿರಿ. ಯಾವ ಊರಿನಲ್ಲಿದ್ದಿರಿ, ಯಾವ ದಿನ ಹೊರಟಿರಿ, ಜೇಬಿನಲ್ಲಿ ಎಷ್ಟಿತ್ತು, ದಾರಿಯಲ್ಲಿ ನೀರು ಕೊಟ್ಟವರು ಯಾರು, ಮರಳಿದ ಮೇಲೆ ಮೊದಲು ಮಾಡಿದ ಕೆಲಸ ಯಾವುದು ಎಂದು ಕೇಳಿ, ದಿನಾಂಕ ಸಹಿತ ಬರೆದಿಡಿರಿ. ಹಳೆಯ ಪಾಸ್‌ಪೋರ್ಟನ್ನೂ ಮಾಸಿದ ಕಾಗದಗಳನ್ನೂ ಎಸೆಯದಿರಿ. ಮುಂದಿನ ನೂರು ವರ್ಷಗಳ ಸಂಚಿಕೆಯನ್ನು ಬರೆಯುವವರಿಗೆ ಅವೇ ಆಧಾರವಾಗಲಿವೆ. ತಮ್ಮ ನೆಲವನ್ನು ಕಳೆದುಕೊಂಡು ಮಕ್ಕಳಿಗೆ ನೆಲೆಯನ್ನು ಕೊಟ್ಟ ಸಕಲ ತಂದೆಯರಿಗೂ ದೇವರು ನಿತ್ಯಶಾಂತಿಯನ್ನೂ, ಅವರನ್ನು ಕೇಳಿ ತಿಳಿಯುವ ಸದ್ಬುದ್ಧಿಯನ್ನು ನಮಗೂ ಕರುಣಿಸಲಿ.